ಫೋನು ತೋರಿಸಿದ ಸಂಶಿ

2010ರ ಫೆಬ್ರುವರಿ ಹನ್ನೊಂದರ ಮಧ್ಯಾಹ್ನ ಎರಡೂವರೆ ಗಂಟೆಗೆ ಗುಡಗೇರಿ ಪೊಲೀಸ್ ಠಾಣೆಗೆ ಮೂವರು ಬಂದರು. ಮುಂದಿದ್ದವನು ಊರಿನ ಕಾಳಿನ ವ್ಯಾಪಾರಿ ಸಂಗನಬಸವ. ಅವನ ಮುಷ್ಟಿಯಲ್ಲಿ ಇನ್ನೊಬ್ಬನ ಕೊರಳಪಟ್ಟಿ ಇತ್ತು. ಆ ಇನ್ನೊಬ್ಬ ಕಲಘಟಗಿಯ ಟೆಂಪೋ ಚಾಲಕ ಸಲೀಮ್. ಅವರಿಬ್ಬರ ಹಿಂದೆ ಏದುಸಿರು ಬಿಡುತ್ತ ಬಂದವನು ಸಂಗನಬಸವನ ಮಾವ, ಕಲಘಟಗಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಶಂಕ್ರಪ್ಪ.

ಪಿಎಸ್‌ಐ ಅಂದಾನೆಪ್ಪ ತಲೆ ಎತ್ತಿ ನೋಡಿದರು.

"ಮೊದಲ ಕೊರಳಪಟ್ಟಿ ಬಿಡ್ರಿ. ಆಮ್ಯಾಲೆ ಮಾತು."

"ಇಂವ ಕಳ್ಳ ಅದಾನ್ರಿ ಸಾಹೇಬ್ರ! ನನ್ನ ಮಗನ ತೊಟ್ಟಲಾ ನುಂಗ್ಯಾನ!"

"ತೊಟ್ಟಲಾ ನುಂಗೂವಷ್ಟು ದೊಡ್ಡದಿಲ್ರಿ ಇವನ ಬಾಯಿ. ಕೂತು ಹೇಳ್ರಿ."

ಸಂಗನಬಸವ ಕೂತ. ಅವನ ಹೆಂಡತಿ ಶಾಂಭವಿ ತವರಿನಲ್ಲಿ ಬಾಣಂತನ ಮುಗಿಸಿ ಕೂಸಿನೊಡನೆ ಗಂಡನ ಮನೆಗೆ ಬಂದಿದ್ದಳು. ಮರುದಿನ ಮುಂಜಾನೆ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ತವರಿನಿಂದ ಬರಬೇಕಾದ ತೊಟ್ಟಿಲಿನ ಅರಗಿನ ಬಣ್ಣ ಒಣಗುವುದು ತಡವಾಗಿ, ತವರಿನವರು ಅದಕ್ಕಿಂತ ಮೊದಲೇ ಗುಡಗೇರಿಗೆ ಬಂದಿದ್ದರು. ತೊಟ್ಟಿಲು ಆ ದಿನ ಸಲೀಮನ ಟೆಂಪೋದಲ್ಲಿ ಹೊರಟಿತ್ತು. ಟೆಂಪೋ ಗುಡಗೇರಿ ಮುಟ್ಟಿತು. ತೊಟ್ಟಿಲು ಮುಟ್ಟಲಿಲ್ಲ.

"ಸಾಗವಾನಿ ತೊಟ್ಟಲರೀ," ಎಂದ ಸಂಗನಬಸವ, ದೂರಿನ ನಡುವೆಯೂ ಎದೆ ಉಬ್ಬಿಸಿ. "ನಾಕೂ ಬಾಜು ಚಿತ್ರ. ನಮ್ಮ ಷಡ್ಡಕಗ ಕಬ್ಬಿಣದ್ದು ಕೊಟ್ಟು ಕೈ ತೊಳಕೊಂಡಿದ್ರು ಮಾವಾರು. ನನಗ ಅಂತ ಹೇಳಿ ಮಾಡಿಸಿದ್ರು. ಇಡೀ ಓಣಿಗೆ ಹೇಳೀನಿ, ನಾಳೆ ಬಂದು ನೋಡ್ರಿ ಅಂತ."

ಶಂಕ್ರಪ್ಪ ನೆಲ ನೋಡಿದ. ಅಂದಾನೆಪ್ಪ ಅದನ್ನು ಗಮನಿಸಿದರು.

ಫಿರ್ಯಾದಿಯನ್ನು ಬರೆಸಿಕೊಂಡು, ಭಾರತೀಯ ದಂಡ ಸಂಹಿತೆ ಕಲಂ 379ರಡಿ ಎಫ್‌ಐಆರ್ ದಾಖಲಿಸಲಾಯಿತು. ನಂತರ ಸಲೀಮನ ವಿಚಾರಣೆ.

"ಎಲ್ಲಿ ಕಳೀತು?"

"ಕರಿಕಟ್ಟಿ ಕೆರಿ ದಂಡಿ ಮ್ಯಾಲೆರಿ. ಜಾಲಿಮುಳ್ಳು ಚುಚ್ಚಿ ಗಾಲಿ ಕೂತಬಿಡ್ತು. ಸ್ಟೆಪ್ನಿ ಮೊದಲ ಪಂಚರ್ ಇತ್ತರಿ. ಗಾಲಿ ಬಿಚ್ಚಿ ಹೆಗಲಿಗೆ ಹಾಕ್ಕೊಂಡು ಊರಿಗೆ ಹೋದೆ. ತಿರುಗಿ ಬಂದು ನೋಡ್ತೀನಿ, ತಾಡಪತ್ರಿ ಮಡಿಚಿಟ್ಟೈತಿ, ತೊಟ್ಟಲಿಲ್ಲ."

"ಹುಬ್ಬಳ್ಳಿ ಮ್ಯಾಲೆ ಡಾಂಬರು ರಸ್ತಾ ಬಿಟ್ಟು ಆ ಎರಿ ಹೊಲದಾಗ ಯಾಕ ಸತ್ತಿ?"

ಸಲೀಮ್ ಉತ್ತರಿಸುವ ಬದಲು ಅಂಗಿಯ ಜೇಬಿನಿಂದ ಫೋನು ತೆಗೆದು ಮೇಜಿನ ಮೇಲಿಟ್ಟ. ಗುಂಡಿಗಳಿದ್ದ ಸಾದಾ ಫೋನು. ಪರದೆ ಎರಡು ಹೆಬ್ಬೆರಳಿನಷ್ಟು.

"ಇದರಾಗ ಮ್ಯಾಪ್ ಬರ್ತೈತ್ರಿ. ಕಲಘಟಗಿ ಅಂಗಡ್ಯಾಂವ ಹೋದ ವಾರ ಹಾಕಿಕೊಟ್ಟ. ನಾವು ನಿಂತ ಜಾಗಾ ನೀಲಿ ಚುಕ್ಕಿ ಆಗಿ ಕಾಣ್ತೈತಿ. ತಡಸ ಕ್ರಾಸ್ ದಾಟಿದ ಮ್ಯಾಲೆ ಅಡ್ಡ ಹಾದ್ರ ಗುಡಗೇರಿ ಹತ್ರ ಅಂತ ಅನ್ನಿಸ್ತು. ಇನ್ನ ಮ್ಯಾಲೆ ಯಾರನ್ನೂ ದಾರಿ ಕೇಳೂ ಪಾಳಿ ಇಲ್ಲ ಅಂದ್ಕೊಂಡು ಹೊಂಟೆ."

"ಯಾರಿಗರ ಫೋನ್ ಮಾಡಿದ್ದ್ಯಾ?"

"ಶಂಕ್ರಪ್ಪ ಕಾಕಾರಿಗೆ. ಹನ್ನೊಂದಕ್ಕ ಒಮ್ಮೆ. ಸಂಶಿ ಟೇಶನ್ ಬಾಜೂಕ ಅದೀನ್ರಿ, ಮ್ಯಾಪ್ ತೋರಿಸಾಕತ್ತೈತಿ ಅಂದೆ. ಆದ್ರ ಎಷ್ಟು ಹೋದ್ರೂ ಸಂಶಿ ಬರಲಿಲ್ಲರಿ! ಗಾಲಿ ಹೋದ ಮ್ಯಾಲೆ ಒಬ್ಬ ಕುರಿ ಕಾಯಾಂವ ಹೇಳಿದ, ಇದು ಕರಿಕಟ್ಟಿ ಕೆರಿ ಅಂತ. ಆಗ ಮತ್ತೊಮ್ಮೆ ಕಾಕಾರಿಗೆ ಹಚ್ಚಿ ಹೇಳಿದೆ."

"ಕಥಿ ಛಲೋ ಕಟ್ಯಾನ!" ಎಂದ ಸಂಗನಬಸವ. "ಹಾದಿ ತಪ್ಪಿದ್ದು ಫೋನಂತ, ಕದ್ದಾವರು ದೆವ್ವಂತ!"

ಸಲೀಮನ ಕಣ್ಣು ತುಂಬಿದವು. ಟೆಂಪೋ ಅವನದೇ, ಕಲಘಟಗಿಯ ತೊಟ್ಟಿಲುಗಳನ್ನು ಊರೂರಿಗೆ ಮುಟ್ಟಿಸುವುದೇ ಅವನ ಹೊಟ್ಟೆಪಾಡು. ಒಂದು ತೊಟ್ಟಿಲು ಕದ್ದವನೆಂಬ ಹೆಸರು ಬಂದರೆ ಆ ಊರಿನಲ್ಲಿ ತೊಟ್ಟಿಲಿಗೆ ಬಣ್ಣ ಹಾಕುವ ಯಾವ ಬಣ್ಣದವನೂ ಮುಂದೆ ಅವನ ಕೈಗೆ ಹಗ್ಗದ ತುಂಡನ್ನೂ ಕೊಡಲಾರ.

ಕಾನ್ಸ್‌ಟೇಬಲ್ ಯುನೂಸ್ ಮೇಜಿನ ಮೇಲಿದ್ದ ಫೋನನ್ನು ಎತ್ತಿ ತಿರುಗಿಸಿ ನೋಡುತ್ತಿದ್ದ. ಅವನ ಮುಖದಲ್ಲಿ ಕಂಡದ್ದು ತನಿಖೆಯ ಗಂಭೀರತೆಯಲ್ಲ.

"ನನ್ನ ಫೋನಿನ್ಯಾಗ ಹಾವಿನ ಆಟ ಬಿಟ್ರ ಏನೂ ಇಲ್ಲ ಸರ. ಈ ಮಗನ ಹತ್ರ ಭೂಮಂಡಲ ಐತಿ."

"ಅದರಾಗ ಹೊಟ್ಟಿಕಿಚ್ಚು ಪಡಬ್ಯಾಡಪಾ. ಹುಬ್ಬಳ್ಳಿಗೆ ವರ್ಗ ಆಗಿ ಹೋದ ನನ್ನ ಬ್ಯಾಚಿನಾಂವಗ ಹೊಸಾ ಜೀಪ್ ಬಂದೈತಿ. ನಾ ಸುಮ್ಮನಿಲ್ಲೇನು?" ಎಂದು ಅಂದಾನೆಪ್ಪ ಎದ್ದರು. "ಜಾಗಾ ನೋಡೂಣು. ಫೋನೂ ಬರ್ಲಿ, ಇವನೂ ಬರ್ಲಿ."

ಮೂರೂವರೆಗೆ ಜೀಪು ಕರಿಕಟ್ಟಿ ಕೆರೆಯ ದಂಡೆ ಮುಟ್ಟಿತು. ಊರಿನ ಇಬ್ಬರನ್ನು ಪಂಚರಾಗಿ ಕರೆಸಿ ಪಂಚನಾಮೆ ಆರಂಭಿಸಲಾಯಿತು. ಟೆಂಪೋ ನಿಂತಿದ್ದ ಕಡೆ ಜಾಕಿನ ಗುರುತು ಸಲೀಮನ ಹೇಳಿಕೆಗೆ ಹೊಂದಿತು. ಅದಕ್ಕೆ ಹಿಂಭಾಗದಿಂದ ಇನ್ನೊಂದು ವಾಹನ ಬಂದು ತಾಗಿ ನಿಂತ ಚಕ್ರದ ಗುರುತಿತ್ತು. ಆ ಗುರುತಿನ ಮೇಲೆ ಅಲ್ಲಲ್ಲಿ ಒಣ ಮೆಣಸಿನಕಾಯಿಯ ಬೀಜ ಉದುರಿದ್ದವು. ಬಗ್ಗಿ ನೋಡಲು ಹೋದ ಪಂಚರಲ್ಲೊಬ್ಬ ಸೀನಿದ.

"ಸರ, ಇಲ್ಲಿ ಬರ್ರಿ," ಎಂದು ಮಹಿಳಾ ಕಾನ್ಸ್‌ಟೇಬಲ್ ಶಮಾ ಕರೆದಳು.

ದಂಡೆಯ ಬೇವಿನ ಬುಡದಲ್ಲಿ, ಬೇರುಗಳ ನಡುವಿನ ತಗ್ಗಿನಲ್ಲಿ, ಕುಪ್ಪಸದ ಹಸಿರು ಖಣದಲ್ಲಿ ಸುತ್ತಿದ ಒಂದು ಗುಂಡಕಲ್ಲು ಇತ್ತು. ಜೊತೆಗೆ ಬಂದಿದ್ದ ಶಂಕ್ರಪ್ಪ ಅದನ್ನು ಕಂಡೊಡನೆ ಎರಡೂ ಕೈ ಮುಗಿದ. ಕಲಘಟಗಿಯಿಂದ ತೊಟ್ಟಿಲು ಖಾಲಿಯಾಗಿ ಹೊರಡುವುದಿಲ್ಲ. ಬಣ್ಣದವರ ಮನೆಯ ಹೆಂಗಸರು ಗುಂಡಕಲ್ಲಿಗೆ ಖಣ ಉಡಿಸಿ ಒಳಗೆ ಮಲಗಿಸಿ ಕಳಿಸುತ್ತಾರೆ. ಕೂಸಿಗಿಂತ ಮೊದಲು ಆ ಕಲ್ಲು ತೂಗಿಸಿಕೊಳ್ಳಬೇಕು. ಕೂಸಿಗೆ ಬರುವ ಕೇಡು ಕಲ್ಲಿಗೆ ಹೋಗಲಿ ಎಂದು.

"ಗಂಡಸು ಒಬ್ನ ಕದ್ದಿದ್ರ ಇದನ್ನ ಕೆರ್ಯಾಗ ಒಗದು ಹೋಗ್ತಿದ್ದ ಸರ," ಎಂದಳು ಶಮಾ. "ಇಲ್ಲಿ ಒಗದಿಲ್ಲ. ಮಲಗಿಸ್ಯಾರ. ಬಿಸಲು ಬೀಳಬಾರದಂತ ಸೆರಗು ಹೊಚ್ಚಿಧಾಂಗ ಖಣದ ತುದಿ ಮ್ಯಾಲೆ ಎಳದಾರ."

ಅಂದಾನೆಪ್ಪ ಆ ಕಲ್ಲನ್ನೂ ಪಂಚನಾಮೆಗೆ ಬರೆಸಿದರು. ನಂತರ, "ಆ ನಿನ್ನ ಭೂಮಂಡಲ ಹಚ್ಚು," ಎಂದು ಸಲೀಮನಿಗೆ ಹೇಳಿದರು.

ಸಲೀಮ್ ಗುಂಡಿ ಒತ್ತಿದ. ನೆಟ್ ಸಿಗದೆ ಪರದೆ ಬಿಳಿಯಾಗಿ ಉಳಿಯಿತು. ಯುನೂಸ್ ಫೋನನ್ನು ಕಸಿದುಕೊಂಡು ತಲೆಯ ಮೇಲೆತ್ತಿ ಹಿಡಿದ. ಅದೂ ಸಾಲದೆಂದು ಜೀಪಿನ ಬಾನೆಟ್ ಹತ್ತಿದ. ಸರಕಾರ ಈಗ ಗಾಳಿಪಟ ಹಾರಿಸುವುದನ್ನೂ ಕಲಿಸುತ್ತದೇನು ಎಂದು ಪಂಚರು ತಮ್ಮತಮ್ಮಲ್ಲೇ ನಕ್ಕರು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಪರದೆಯ ಮೇಲೆ 'ತಬಸುಮ್' ಎಂಬ ಹೆಸರು.

"ನನ್ನ ಹೆಂಡತಿರಿ," ಎಂದ ಸಲೀಮ್ ಮೆಲ್ಲಗೆ.

ಅಂದಾನೆಪ್ಪ ಸ್ಪೀಕರ್ ಹಚ್ಚಿಸಿದರು. "ಎಲ್ಲಿದ್ದೀರಿ? ಊಟಕ್ಕ ಬರ್ತೀರೋ ಇಲ್ಲೋ?" ಎಂದಿತು ಹೆಣ್ಣಿನ ದನಿ. "ಹೊಸಾ ಫೋನಿನ್ಯಾಗ ನೋಡಿ ಹೇಳ್ರಿ. ಒಂದ್ ವಾರದಿಂದ ಅದನ್ನ ಬಿಟ್ಟು ನನ್ನ ಮಾರಿ ನೋಡಿಲ್ಲ ನೀವು."

"ಸ್ವಲ್ಪ ತಡಾ ಆಗ್ತೈತಿ," ಎಂದಷ್ಟೇ ಹೇಳಿ ಸಲೀಮ್ ಕರೆ ಮುಗಿಸಿದ.

ಕೊನೆಗೆ ನಕ್ಷೆ ಮೂಡಿತು. ಒಂದೊಂದೇ ಚೌಕವಾಗಿ, ಹರಿದ ಕಾಗದ ಜೋಡಿಸಿದಂತೆ. ಒಂದು ಹಳದಿ ಗೆರೆ, ರೈಲಿನ ಕಪ್ಪು ಗೆರೆ, ಉಳಿದದ್ದೆಲ್ಲ ಬೋಳು. ಕರಿಕಟ್ಟಿ ಇರಲಿಲ್ಲ. ಕಾಲಕೆಳಗಿನ ಕೆರೆಯೂ ಇರಲಿಲ್ಲ. ರೈಲಿನ ಗೆರೆಯ ಮೇಲೆ ನೀಲಿ ಚುಕ್ಕೆ, ಅದರ ಸುತ್ತ ಮಸುಕಾದ ದೊಡ್ಡ ವರ್ತುಲ. ಚುಕ್ಕೆಯ ಬಾಜು ಬರೆದ ಹೆಸರು: ಸಂಶಿ.

"ನಾವು ಇಲ್ಲಿ ನಿಂತೇವಿ. ಇದು ನಮ್ಮನ್ನ ಸಂಶ್ಯಾಗ ನಿಂದ್ರಿಸೈತಿ," ಎಂದ ಯುನೂಸ್, ತುಸು ಸಮಾಧಾನದಿಂದ.

"ಇದು ನಮ್ಮನ್ನ ನೋಡೂದಿಲ್ಲ. ಟವರ್ ನೋಡ್ತೈತಿ. ಈ ಬಯಲಿಗೆ ಸಿಗ್ನಲ್ ಸಂಶಿ ಟವರಿನದು," ಎಂದರು ಅಂದಾನೆಪ್ಪ. ಆಮೇಲೆ ತಮಗೆ ತಾವೇ ಹೇಳಿಕೊಳ್ಳುವಂತೆ ಮುಂದುವರಿಸಿದರು: "ಇಂವ ಸುಳ್ಳು ಹೇಳಿಲ್ಲ. ಹನ್ನೊಂದಕ್ಕ ಸಂಶಿ ಅಂದ, ಖರೇನ ನಂಬಿ ಅಂದ. ಇವನ ಟೆಂಪೋ ಸಂಶಿ ಮಣ್ಣು ತುಳಿದಿಲ್ಲ. ಈಗ ಹೇಳು ಯುನೂಸ್, ಇವತ್ತ ಸಂಶ್ಯಾಗ ಯಾರರ ಈ ತೊಟ್ಟಲಾ ಹುಡಿಕ್ಕೊಂಡು ಬಂದಿದ್ರ, ಅಂವ ಯಾರು?"

ಯುನೂಸ್ ಬಾನೆಟ್‌ನಿಂದ ಇಳಿದ. "ಆ ಫೋನಿನ ಮಾತು ಕೇಳಿದಾಂವ ಸರ."

ಅಂದಾನೆಪ್ಪ ಶಂಕ್ರಪ್ಪನತ್ತ ತಿರುಗಿದರು.

"ಸಲೀಮನ ಫೋನು ಬಂದಾಗ ನಿಮ್ಮ ಬಾಜು ಯಾರಿದ್ರು?"

"ನನಗ ಕಿವಿ ಮಂದರಿ. ಸ್ಪೀಕರ್ ಹಚ್ಚೇ ಮಾತಾಡೂದು. ಪಡಸಾಲ್ಯಾಗ ಎಲ್ಲಾರೂ ಇದ್ರು. ನನ್ನ ಹೆಂಡತಿ, ಇಬ್ರೂ ಹೆಣ್ಣಮಕ್ಕಳು, ಈ ಅಳಿಯ."

"ದೊಡ್ಡ ಅಳಿಯ?"

"ಪ್ರಭು ಬಂದಿಲ್ರಿ. ಕುಂದಗೋಳದಾಗ ಅದಾನ. ಸುಗ್ಗಿ ನೋಡ್ರಿ, ಮೆಣಸಿನಕಾಯಿ ವ್ಯಾಪಾರ..." ಎಂದವನು ಅಲ್ಲಿಗೇ ನಿಲ್ಲಿಸಿದ. ಚಕ್ರದ ಗುರುತಿನ ಮೇಲಿನ ಬೀಜಗಳನ್ನು ಪಂಚರು ಕಾಗದದಲ್ಲಿ ಕಟ್ಟುತ್ತಿದ್ದರು. ಮುದುಕ ಕೆರೆಯ ಕಡೆ ಮುಖ ತಿರುಗಿಸಿ ನಿಂತ.

ಐದು ಗಂಟೆಗೆ ಯುನೂಸ್ ಸಂಶಿ ಸ್ಟೇಷನ್ ರಸ್ತೆಯಲ್ಲಿ ವಿಚಾರಿಸಿದ. ಚಹಾದಂಗಡಿಯ ಹಲೀಮಾಬಿಗೆ ನೆನಪು ಮಾಡಿಕೊಳ್ಳುವ ಕಷ್ಟವೇ ಬೀಳಲಿಲ್ಲ.

"ಬಂದಿದ್ನಪಾ ಒಬ್ಬ, ಪಿಕಪ್ ತಗೊಂಡು. ಖಾಲಿ ಗಾಡಿನ, ಆದ್ರ ಎಂಥಾ ಘಾಟು ಅಂತಿ! ಇಲ್ಲಿ ಕೂತ ಗಿರಾಕಿ ಎಲ್ಲಾ ಕೆಮ್ಮಿ ಕೆಮ್ಮಿ ಎದ್ದು ಹೋದ್ರು. 'ಬಣ್ಣದ ತೊಟ್ಟಲಾ ಹೇರಿದ ಟೆಂಪೋ ಹೋತೇನು' ಅಂದ. ಇಲ್ಲಪಾ ಅಂದೆ. ನಂಬಲಿಲ್ಲ. 'ಇಲ್ಲೇ ಐತಂತ, ಟೇಶನ್ ಬಾಜೂಕ' ಅಂತ ನನಗ ಜಬರಿಸ್ದ. ನನ್ನ ಅಂಗಡಿ ಮುಂದ ಏನೈತಿ ಏನಿಲ್ಲ ಅನ್ನೂದು ನನಗಿಂತ ಅವಗ ಹೆಚ್ಚ ಗೊತ್ತು!"

"ಆಮ್ಯಾಲೆ?"

"ಫೋನ್ ಬಂತು. 'ಕೆರೀನ? ಯಾವ ಕೆರಿ? ನೀ ಸಂತಿ ಹತ್ರ ಬಂದು ನಿಂದ್ರು, ನಿನ್ನೂ ಕರಕೊಂಡ ಹೋಗ್ತೀನಿ' ಅಂದ. ಅರ್ಧಾ ಚಹಾ ಬಿಟ್ಟು ಹೋದ."

ಅದೇ ಹೊತ್ತಿಗೆ ಅಂದಾನೆಪ್ಪ ಮತ್ತು ಶಮಾ ಸಂಗನಬಸವನ ಮನೆಯಲ್ಲಿದ್ದರು. ಪಡಸಾಲೆಯ ನಡುವಿನ ತೊಲೆಯ ಕೊಂಡಿಗೆ ಹೊಸ ಹಗ್ಗ ಕಟ್ಟಿತ್ತು. ಕೆಳಗೆ ಏನೂ ಇರಲಿಲ್ಲ. ಶಾಂಭವಿಯ ಅಕ್ಕ, ಪ್ರಭುವಿನ ಹೆಂಡತಿ ರೋಹಿಣಿ ಮನೆಯಲ್ಲಿರಲಿಲ್ಲ.

"ಮಗಳಿಗೆ ಜ್ವರ ಬಂದಾವಂತ ಗಂಡ ಬಂದು ಕರಕೊಂಡು ಹೋದ್ರಿ," ಎಂದಳು ಅವಳ ತಾಯಿ ಮಹಾದೇವಕ್ಕ. "ನಾಳೆ ಕಾರ್ಯ ಇಟಗೊಂಡು."

"ಮಧ್ಯಾಹ್ನ ಮನಿ ಬಿಟ್ಟು ಹೋಗಿದ್ರೇನು ಅವರು?"

"ಸಂತಿಗೆ ಹೋಗಿದ್ಲು. ಹೂವು ತರ್ತೀನಿ ಅಂತ ಹೋದಾಕಿ ಬರೇ ಕೈಲೆ ಬಂದ್ಲು. ಸೀನೂದ ಸೀನೂದು, ಕಣ್ಣ ಕೆಂಪಗ. ತೊಟ್ಟಲಾ ಹೋದದ್ದಕ್ಕ ಅಳಾಕತ್ತಾಳ ಅಂದ್ಕೊಂಡೆ." ಮಹಾದೇವಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಯವ್ವಾ... ತೊಟ್ಟಲಾ ಹೋದ ಸುದ್ದಿ ಸಲೀಮ ಆಮ್ಯಾಲೆ ಬಂದು ಹೇಳಿದ್ನಲ್ರೀ!"

ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದ ಶಾಂಭವಿ ಎಲ್ಲವನ್ನೂ ಕೇಳಿಸಿಕೊಂಡಳು.

"ಅಕ್ಕಂದ ಐತಿ ಈ ಕೆಲಸ, ಹೌದಿಲ್ರಿ?" ಎಂದಳು. "ಸಣ್ಣಾಕಿ ಇದ್ದಾಗಿಂದ ಅಕಿ ಉಟ್ಟು ಬಿಟ್ಟದ್ದ ನನಗ. ಅಕಿ ಲಂಗ, ಅಕಿ ಪಾಟಿಚೀಲ. ದಾರಿ ಕಾಯ್ಕೋತ ನೋಡ್ತಿದ್ದೆ, ಅಕಿಗೆ ಹೊಸಾದು ಯಾವಾಗ ತರ್ತಾರ, ಹಳೇದು ನನಗ ಯಾವಾಗ ಬರ್ತೈತಿ ಅಂತ. ಜಲ್ಮದಾಗ ಮೊದಲನೇ ಸಲ ಒಂದು ಹೊಸಾದು ನನ್ನ ಹೆಸರಿಗೆ ಬಂದಿತ್ತು. ಅದೂ ಅಕಿಗೇ ಬೇಕಾತು."

ಕತ್ತಲಾಗುತ್ತ ಬಂದಿತ್ತು. ಸೂರ್ಯ ಮುಳುಗಿದ ಮೇಲೆ ಹೆಣ್ಣುಮಗಳನ್ನು ದಸ್ತಗಿರಿ ಮಾಡುವಂತಿಲ್ಲ. ಕುಂದಗೋಳ ಠಾಣೆಗೆ ಸುದ್ದಿ ಮುಟ್ಟಿಸಿ, ಪ್ರಭುವಿನ ಮನೆಯ ಮುಂದೆ ಒಬ್ಬರನ್ನು ಕಾವಲಿಡಿಸಲಾಯಿತು.

ಫೆಬ್ರುವರಿ ಹನ್ನೆರಡು, ಬೆಳಿಗ್ಗೆ ಏಳು ಗಂಟೆ. ಪ್ರಭುವಿನ ಮನೆಯ ಅಂಗಳದಲ್ಲಿ ನಿಂತ ಪಿಕಪ್ಪಿನ ಚಕ್ರ ಕೆರೆದಂಡೆಯ ಗುರುತಿಗೆ ಹೋಲುತ್ತಿತ್ತು. ಬಾಗಿಲು ತೆರೆದ ಪ್ರಭು ಸಮವಸ್ತ್ರ ಕಂಡೊಡನೆ ಎರಡು ಹೆಜ್ಜೆ ಹಿಂದೆ ಸರಿದ.

"ನಾ ಒಬ್ನ ಮಾಡೀನ್ರಿ," ಎಂದ, ಯಾರೂ ಏನೂ ಕೇಳುವ ಮೊದಲೇ. "ಅಕಿಗೆ ಗೊತ್ತಿಲ್ಲ."

"ಕಲ್ಲಿಗೆ ಸೆರಗು ಹೊಚ್ಚಿದ್ದೂ ನೀನ ಏನು?" ಎಂದರು ಅಂದಾನೆಪ್ಪ.

ಪ್ರಭು ಬಾಗಿಲಿನಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಒಳಮನೆಯಲ್ಲಿ ಮೆಣಸಿನಕಾಯಿ ಚೀಲಗಳ ಎರಡು ಒಟ್ಟಲಿನ ನಡುವೆ ತೊಲೆಯಿಂದ ಇಳಿಬಿಟ್ಟ ಹಗ್ಗದಲ್ಲಿ ತೊಟ್ಟಿಲು ತೂಗುತ್ತಿತ್ತು. ಕೆಂಪು, ಹಸಿರು, ಹಳದಿ ಅರಗು ಬೆಳಗಿನ ಬೆಳಕಿಗೆ ಇನ್ನೂ ಹಸಿಯಾಗಿರುವಂತೆ ಹೊಳೆಯುತ್ತಿತ್ತು. ಅದರೊಳಗೆ ಆರು ವರ್ಷದ ಹುಡುಗಿ ನೀಲಾ ಮೈ ಮುದುಡಿ ನಿದ್ದೆ ಹೋಗಿದ್ದಳು. ಹಿಡಿಸದ ಕಾಲುಗಳೆರಡೂ ಅಂಚಿನ ಹೊರಗೆ ಇಳಿಬಿದ್ದಿದ್ದವು. ನಿದ್ದೆಯಲ್ಲೇ ಒಮ್ಮೆ ಸೀನಿದಳು. ನೆಲದ ಮೇಲೆ ಕೂತು ಹಗ್ಗ ಹಿಡಿದಿದ್ದ ರೋಹಿಣಿ ತೂಗುವುದನ್ನು ನಿಲ್ಲಿಸಲಿಲ್ಲ.

ಶಮಾ ಅವಳ ಬಾಜು ಕೂತಳು.

"ಏಳ್ರಿ ಅಕ್ಕಾರ."

"ಅಕಿ ತಾನ ಏಳ್ಲಿ. ಆಮ್ಯಾಲೆ ಬರ್ತೀನಿ."

ಅಂದಾನೆಪ್ಪ ಗಡಿಯಾರ ನೋಡಲಿಲ್ಲ. ಬಾಗಿಲಲ್ಲೇ ನಿಂತು ಕೇಳಿದರು:

"ಏನ್ ಮಾಡಬೇಕಂತ ಒಯ್ದಿರಿ ಇದನ್ನ?"

"ಏನೂ ಗೊತ್ತಿರಲಿಲ್ರಿ," ಎಂದ ಪ್ರಭು. "ಅಲ್ಲಿ ಬರಾಕತ್ತೈತಿ, ಇಲ್ಲಿ ಬರಾಕತ್ತೈತಿ ಅಂತ ಇಕಿ ಫೋನಿನ್ಯಾಗ ಅಳಾಕತ್ಲು. ತಡದು ನಿಲ್ಲಿಸಬೇಕು ಅನ್ನಿಸ್ತು, ಅಷ್ಟ. ಸಂಶ್ಯಾಗ ಸಿಗಲಿಲ್ಲ. ಸಿಗದಿದ್ದದ್ದ ಛಲೋ ಆತು ಅಂದ್ಕೊಂಡು ಚಹಾ ಕುಡ್ಯಾಕತ್ತಿದ್ದೆ. ಆಗ ಮತ್ತ ಫೋನ್ ಬಂತು."

ರೋಹಿಣಿ ಹಗ್ಗದ ಮೇಲಿನ ಕಣ್ಣು ತೆಗೆಯದೆ ಮಾತಾಡಿದಳು.

"ನಾ ಕಲಘಟಗಿ ಹುಡುಗಿ ಸಾಹೇಬ್ರ. ಬಣ್ಣದವರ ಓಣ್ಯಾಗ ಬೆಳದಾಕಿ. ದಿನಾ ಒಂದು ತೊಟ್ಟಲಾ ನಮ್ಮ ಮನಿ ಮುಂದ ಹಾದು ಹೋಗ್ತಿತ್ತು. ಯಾವ ಯಾವ ಊರಿನ ಮಕ್ಕಳಿಗೋ. ನನಗ ಮಗಳು ಹುಟ್ಟಿದಾಗ ಅಪ್ಪ ಕಬ್ಬಿಣದ್ದು ಕಳಿಸಿದ. 'ಕೈ ನಡೀವಲ್ದು, ಮುಂದ ಗಂಡು ಹುಟ್ಲಿ ನೋಡೂಣು' ಅಂದ. 'ಕಲಘಟಗಿ ಸೊಸಿ, ಕಬ್ಬಿಣದ ತೊಟ್ಟಲಾ' ಅಂತ ಈ ಮನ್ಯಾಗ ಇವತ್ತಿಗೂ ನಗ್ತಾರ. ತಂಗಿ ಮಗಗ ಸಾಗವಾನಿ ಬಂತು. ನನಗ ಬ್ಯಾಡ್ರಿ. ಇಕಿ ಒಂದ್ ರಾತ್ರಿ ಮಲಗ್ಲಿ ಅಂತ ತಂದೆ. ತಡಾ ಆಗಿತ್ತು, ಕಾಲ ಹಿಡಿಸಲಿಲ್ಲ."

"ಕಲ್ಲು ಯಾಕ ಬಿಟ್ಟು ಬಂದ್ರಿ?"

"ಅದು ಆ ಕೂಸಿನ ಪಾಲಿಂದು. ಅದರ ಮ್ಯಾಲೆ ನನಗೇನು ಸಿಟ್ಟೈತ್ರಿ?"

ಹುಡುಗಿ ಎಂಟರ ಸುಮಾರಿಗೆ ತಾನಾಗಿ ಎದ್ದಳು. ಪ್ರಭುವಿನ ತಾಯಿ ಬಂದು ಅವಳನ್ನು ಹಿತ್ತಲಿಗೆ ಕರೆದೊಯ್ದ ಮೇಲೆ ರೋಹಿಣಿ ಎದ್ದು ನಿಂತು, ಸೀರೆ ಸರಿಪಡಿಸಿಕೊಂಡಳು. ಪಂಚರ ಸಮಕ್ಷಮ ತೊಟ್ಟಿಲು ಜಪ್ತಿಯಾಯಿತು. ಕಲಂ 379, ಸಹ ಕಲಂ 34ರಡಿ ಗಂಡಹೆಂಡತಿ ಇಬ್ಬರನ್ನೂ ದಸ್ತಗಿರಿ ಮಾಡಲಾಯಿತು.

ಗುಡಗೇರಿ ಠಾಣೆಯ ಮುಂದೆ ಶಂಕ್ರಪ್ಪ ಕಾಯುತ್ತಿದ್ದ. ರೋಹಿಣಿ ಜೀಪಿನಿಂದ ಇಳಿದು ಅವನನ್ನು ದಾಟಿ ಒಳಗೆ ಹೋದಳು.

"ಕೇಸ್ ವಾಪಸ್ ತಗೋತೀವ್ರಿ. ಅಳಿಯನೂ ಒಪ್ಯಾನ. ಮನಿ ಮಾತಿದು," ಎಂದ ಮುದುಕ.

"ಎಫ್‌ಐಆರ್ ಆಗೇತ್ರಿ. ಈಗ ಅದು ಕೋರ್ಟಿನ ಮಾತು. ರಾಜಿ ಮಾಡ್ಕೊಳ್ಳೂದಿದ್ರ ಅಲ್ಲಿ ಕೇಳ್ಕೋರಿ."

"ತೊಟ್ಟಲಾ ಅರ ಕೊಡ್ರಿ. ಇವತ್ತ ಕಾರ್ಯ."

"ಅದೂ ಕೋರ್ಟಿನ ಹುಕುಂ ಬಂದ ಮ್ಯಾಲೇನ." ಅಂದಾನೆಪ್ಪ ಸ್ವಲ್ಪ ತಡೆದು ಕೇಳಿದರು, "ಮುಂದ ಗಂಡು ಹುಟ್ಲಿ ಅಂದಿದ್ರೇನು ನೀವು?"

ಶಂಕ್ರಪ್ಪನಿಗೆ ಕಿವಿ ಮಂದ. ಅವನಿಗೆ ಅದು ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ.

ಸಲೀಮನಿಗೆ ಟೆಂಪೋ ಮರಳಿ ಸಿಕ್ಕಿತು. ಸಾಕ್ಷ್ಯವಾಗಿ ಉಳಿಯಬೇಕಾದ ಫೋನನ್ನು ಯುನೂಸ್ ಲಕೋಟೆಗೆ ಹಾಕಿ ಅರಗಿನ ಮುದ್ರೆ ಒತ್ತುವ ಮೊದಲು ಕೊನೆಯ ಸಲ ಪರದೆ ನೋಡಿದ. ಠಾಣೆಯಲ್ಲಿ ಮಾತ್ರ ಚುಕ್ಕೆ ಸರಿಯಾಗಿ ಗುಡಗೇರಿಯ ಮೇಲೆಯೇ ಕೂತಿತ್ತು.

"ಮ್ಯಾಪ್ ಇಲ್ದ ಹೆಂಗ ಹೋಗ್ತಿಲೇ ಊರಿಗೆ?"

"ಕೇಳ್ಕೋತ ಹೋಗ್ತೀನ್ರಿ," ಎಂದ ಸಲೀಮ್. "ಮನಿ ಮುಟ್ಟಿದ್ರ ಸಾಕು."

ಸಂಗನಬಸವನ ಮನೆಯಲ್ಲಿ ಮಹಾದೇವಕ್ಕ ತನ್ನ ಹಳೆಯ ಸೀರೆಯನ್ನು ತೊಲೆಗೆ ಕಟ್ಟಿ ಕೂಸನ್ನು ಅದರಲ್ಲೇ ಹಾಕಿದಳೆಂದೂ, ನೋಡಲು ಬಂದ ಓಣಿಯವರಿಗೆ ಅಳಿಯ ಮುಖ ತೋರಿಸಲಿಲ್ಲವೆಂದೂ ಮಧ್ಯಾಹ್ನ ಸುದ್ದಿ ಬಂತು.

ಆರೋಪಿಗಳನ್ನು ನ್ಯಾಯಾಲಯಕ್ಕೆ ಕಳಿಸಿದ ಮೇಲೆ ಠಾಣೆ ಶಾಂತವಾಯಿತು. ಜಪ್ತಿಯಾದ ವಸ್ತುಗಳನ್ನಿಡುವ ಮುದ್ದೆಮಾಲಿನ ಕೋಣೆಯಲ್ಲಿ ತೊಟ್ಟಿಲಿಗೆ ಒಂದು ಚೀಟಿ, ಗುಂಡಕಲ್ಲಿಗೆ ಇನ್ನೊಂದು ಚೀಟಿ ಅಂಟಿಸಿ ಬೇರೆ ಬೇರೆ ಇಡಲಾಗಿತ್ತು. ಕೋಣೆಗೆ ಬೀಗ ಹಾಕಲು ಹೋದ ಶಮಾ ಬಾಗಿಲಲ್ಲೇ ತಡೆದು ನಿಂತಳು. ಒಳಗೆ ಮರಳಿ ಹೋಗಿ, ಕಲ್ಲನ್ನು ಎರಡೂ ಕೈಯಿಂದ ಎತ್ತಿ, ಖಣದ ತುದಿಯನ್ನು ಸರಿಮಾಡಿ, ಖಾಲಿ ತೊಟ್ಟಿಲಿನೊಳಗೆ ಮಲಗಿಸಿದಳು.